ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಗೆ ಪದಕ

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿ, ಹಾಲೆಂಡ್ ಮತ್ತು ಡೆನ್ಮಾರ್ಕಿನ ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳ ಮುಂದೆ ವರ್ಷವರ್ಷವೂ ಬಹುಮಾನದ ಪ್ರಶ್ನೆಗಳನ್ನು ಇಡುತ್ತಿದ್ದವು. ತಾಯಿಯ ಹೊಟ್ಟೆಯೊಳಗಿನ ಭ್ರೂಣ ಉಸಿರಾಡುತ್ತದೆಯೆ? ಶಾಖದಿಂದ ಗಿಡದ ಬೇರಿನ ಮೇಲೆ ಏನು ಪರಿಣಾಮವಾಗುತ್ತದೆ? ಗರ್ಭಕೋಶಕ್ಕೆ ಹೋಗುವ ನರಗಳಲ್ಲಿ ನರಕೋಶಗಳ ಗಂಟುಗಳಿವೆಯೆ? ಇಂಥ ಪ್ರಶ್ನೆಗಳಿಗೆ ಆಗಿನ ಪಠ್ಯಪುಸ್ತಕಗಳಲ್ಲಿ ಖಚಿತವಾದ ಉತ್ತರ ಇರಲಿಲ್ಲ. ಪ್ರಶ್ನೆ ಕೊಟ್ಟ ಪ್ರಾಧ್ಯಾಪಕರ ಬಳಿಯೂ ಇರಲಿಲ್ಲ. ಇನ್ನೂ ಪದವಿ ಪಡೆಯದ ವಿದ್ಯಾರ್ಥಿಯೊಬ್ಬ ತಿಂಗಳುಗಟ್ಟಲೆ ಕೂತು, ಕೊಯ್ದು, ನೋಡಿ, ಅಳೆದು ಅದನ್ನು ಕಂಡುಕೊಳ್ಳಬೇಕಿತ್ತು. ಕಂಡದ್ದನ್ನು ಪ್ರಬಂಧವಾಗಿ ಬರೆದು ಒಪ್ಪಿಸಬೇಕಿತ್ತು. ಮೆಚ್ಚುಗೆ ಪಡೆದ ಪ್ರಬಂಧಕ್ಕೆ ಪದಕವೋ ಹಣವೋ ಸಿಗುತ್ತಿತ್ತು.

ಕರ್ನಾಟಕದಲ್ಲಿ ಚಿನ್ನದ ಪದಕ ಎಂದೊಡನೆ ನೆನಪಾಗುವುದು ಘಟಿಕೋತ್ಸವ. ಅಲ್ಲಿ ಕೊಡುವ ಬಹುಪಾಲು ದತ್ತಿ ಪದಕಗಳು ಆಯಾ ವಿಷಯದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಸಲ್ಲುತ್ತವೆ. ಈಗಾಗಲೇ ತಿಳಿದಿರುವುದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತದ್ದಕ್ಕೆ ಆ ಗೌರವ. ಯುರೋಪಿನ ಈ ಬಹುಮಾನ ಬೇರೆ ಜಾತಿಯದು. ಯಾರಿಗೂ ತಿಳಿಯದಿದ್ದ ಒಂದು ಸಣ್ಣ ಸಂಗತಿಯನ್ನು ಹುಡುಕಿ ತಂದ ವಿದ್ಯಾರ್ಥಿಗೆ ಅದು ಮೀಸಲಾಗಿತ್ತು. ಜೀವಲೋಕದ ಅಧ್ಯಯನಕ್ಕೆ ಅದರಿಂದ ಸಿಕ್ಕ ಲಾಭ ಎಷ್ಟು ದೊಡ್ಡದೆಂಬುದು ಅದನ್ನು ಬಯಸಿ ದುಡಿದ ಕೆಲವರ ಕಥೆಯಿಂದ ಗೊತ್ತಾಗುತ್ತದೆ.

ಅಕಾಡೆಮಿಯಿಂದ ತರಗತಿಗೆ

ಬಹುಮಾನದ ಪ್ರಶ್ನೆ ಎಂಬ ಕಲ್ಪನೆ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ್ದಲ್ಲ. ಹದಿನೆಂಟನೆಯ ಶತಮಾನದ ವಿಜ್ಞಾನ ಅಕಾಡೆಮಿಗಳು ಇಂಥ ಸ್ಪರ್ಧೆಗಳನ್ನು ನಡೆಸುತ್ತಿದ್ದವು. ಸಸ್ಯಗಳಲ್ಲಿ ಗಂಡು ಹೆಣ್ಣು ಎಂಬ ಭೇದ ಇದೆಯೇ ಇಲ್ಲವೇ ಎಂಬುದನ್ನು ಹೊಸ ವಾದ, ಹೊಸ ಪ್ರಯೋಗಗಳಿಂದ ತೋರಿಸಬೇಕೆಂದು ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿ ಕೇಳಿತು. ಆ ಬಹುಮಾನ 1760ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸನಿಗೆ ದಕ್ಕಿತು. ಎರಡು ಜಾತಿಯ ಟ್ರ್ಯಾಗೊಪೋಗನ್ ಗಿಡಗಳನ್ನು ಕೂಡಿಸಿ ಪಡೆದ ಮಿಶ್ರತಳಿಯ ವಿವರವೂ ಆ ಪ್ರಬಂಧದಲ್ಲಿತ್ತು. ಆದರೆ ಲಿನೇಯಸ್ ಆಗ ಐವತ್ತು ದಾಟಿದ, ಯುರೋಪಿಗೆಲ್ಲ ಗೊತ್ತಿದ್ದ ಪಂಡಿತ. ಅಕಾಡೆಮಿಗಳ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳು ಅಂಥವರ ಎದುರು ನಿಲ್ಲುವುದು ಕಷ್ಟವಿತ್ತು.

ಅದೇ ಏರ್ಪಾಡನ್ನು ವಿದ್ಯಾರ್ಥಿಗಳಿಗೆಂದೇ ಮಾಡಿದ ಮೊದಮೊದಲ ವಿಶ್ವವಿದ್ಯಾಲಯಗಳಲ್ಲಿ ಗಾಟಿಂಗೆನ್ ಒಂದು. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಜರ್ಮನಿಯ ಹ್ಯಾನೋವರ್ ಪ್ರಾಂತ್ಯಕ್ಕೂ ಒಡೆಯನಾಗಿದ್ದ. ಗಾಟಿಂಗೆನ್ ಆ ಪ್ರಾಂತ್ಯದ ವಿಶ್ವವಿದ್ಯಾಲಯ. ದೇವತಾಶಾಸ್ತ್ರ, ಕಾನೂನು, ವೈದ್ಯ, ತತ್ತ್ವಶಾಸ್ತ್ರ ಎಂಬ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳಿಗೂ ವಾರ್ಷಿಕ ಬಹುಮಾನಗಳನ್ನು ಅವನು 1784ರಲ್ಲಿ ಏರ್ಪಡಿಸಿದ. ಸಸ್ಯ, ಪ್ರಾಣಿ, ಶಿಲೆಗಳ ಅಧ್ಯಯನಕ್ಕೆ ಆಗ ಪ್ರತ್ಯೇಕ ವಿಭಾಗ ಇರಲಿಲ್ಲ. ಅದು ಒಂದಿಷ್ಟು ವೈದ್ಯ ವಿಭಾಗದಲ್ಲಿ, ಒಂದಿಷ್ಟು ತತ್ತ್ವಶಾಸ್ತ್ರ ವಿಭಾಗದಲ್ಲಿ ಹಂಚಿಹೋಗಿತ್ತು. ಹಾಗಾಗಿ ನಿಸರ್ಗ ವಿಜ್ಞಾನದ ಪ್ರಶ್ನೆಗಳು ಈ ಎರಡೂ ಕಡೆಯಿಂದ ಬರುತ್ತಿದ್ದವು. ಮುಂದೆ ಪ್ರಷ್ಯದ ಬರ್ಲಿನ್ ಮತ್ತು ಬಾನ್ ವಿಶ್ವವಿದ್ಯಾಲಯಗಳೂ ಇದೇ ಹಾದಿ ಹಿಡಿದವು. ನೆಪೋಲಿಯನ್ನನ ಆಳ್ವಿಕೆ ಮುಗಿದು ಹಾಲೆಂಡಿನ ಉನ್ನತ ಶಿಕ್ಷಣಕ್ಕೆ 1815ರಲ್ಲಿ ಹೊಸ ಕಟ್ಟಳೆ ಬಂದಾಗ, ಲೈಡನ್, ಉಟ್ರೆಕ್ಟ್, ಗ್ರೋನಿಂಗನ್ ವಿಶ್ವವಿದ್ಯಾಲಯಗಳಲ್ಲಿ ಬಹುಮಾನದ ಪ್ರಶ್ನೆಗೆ ಚಿನ್ನದ ಪದಕ ಕೊಡುವುದು ಪದ್ಧತಿಯಾಯಿತು. ಒಂದು ವಿಶ್ವವಿದ್ಯಾಲಯದ ಪ್ರಶ್ನೆಗೆ ಇನ್ನೊಂದರ ವಿದ್ಯಾರ್ಥಿಯೂ ಉತ್ತರ ಬರೆಯಬಹುದಿತ್ತು.

ಲಕೋಟೆಯೊಳಗಿನ ಹೆಸರು

ಸ್ಪರ್ಧೆಯ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ವಿಭಾಗದ ಪ್ರಾಧ್ಯಾಪಕರು ಪ್ರಶ್ನೆಯನ್ನು ತೀರ್ಮಾನಿಸಿ ಸಾರ್ವಜನಿಕ ಸಮಾರಂಭದಲ್ಲಿ ಪ್ರಕಟಿಸುತ್ತಿದ್ದರು. ಬರ್ಲಿನ್ನಿನಲ್ಲಿ ಆ ಸಮಾರಂಭ ವಿಶ್ವವಿದ್ಯಾಲಯ ಸ್ಥಾಪಿಸಿದ ದೊರೆಯ ಹುಟ್ಟುಹಬ್ಬವಾದ ಆಗಸ್ಟ್ 3ರಂದು ನಡೆಯುತ್ತಿತ್ತು. ಉತ್ತರಕ್ಕೆ ಹಲವು ತಿಂಗಳ ಗಡುವು. ಪ್ರಬಂಧದ ಮೇಲೆ ವಿದ್ಯಾರ್ಥಿ ತನ್ನ ಹೆಸರು ಬರೆಯುವಂತಿರಲಿಲ್ಲ. ಅದರ ಬದಲು ತನಗಿಷ್ಟವಾದ ಒಂದು ಸೂಕ್ತಿ ಬರೆಯಬೇಕಿತ್ತು. ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಲಕೋಟೆಯೊಳಗಿಟ್ಟು, ಅರಗು ಹಾಕಿ ಮುಚ್ಚಿ, ಹೊರಗೆ ಅದೇ ಸೂಕ್ತಿಯನ್ನು ಬರೆದು ಪ್ರಬಂಧದ ಜೊತೆಗೆ ಕೊಡಬೇಕಿತ್ತು. ಪ್ರಾಧ್ಯಾಪಕರು ಪ್ರಬಂಧಗಳನ್ನು ಓದಿ ತೀರ್ಪು ಬರೆದ ಮೇಲೆ, ಗೆದ್ದ ಪ್ರಬಂಧದ ಲಕೋಟೆಯನ್ನಷ್ಟೇ ಒಡೆಯುತ್ತಿದ್ದರು.

ಈ ಕ್ರಮದಿಂದ ಎರಡು ಒಳ್ಳೆಯ ಪರಿಣಾಮಗಳಾದವು. ಸೋತವರ ಹೆಸರು ಹೊರಬೀಳುತ್ತಿರಲಿಲ್ಲವಾದ್ದರಿಂದ ಸೋಲಿಗೆ ಅಂಜಿ ಹಿಂದೆ ಸರಿಯುವ ಕಾರಣವಿರಲಿಲ್ಲ. ಬರೆದವನ ಮನೆತನ, ಊರು, ಹಣಕಾಸು ತೀರ್ಪುಗಾರರ ಕಣ್ಣಿಗೆ ಬೀಳದೆ ಬರಹವೊಂದೇ ಅವರ ಮುಂದೆ ಇರುತ್ತಿತ್ತು. ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಕೈಬರಹದಿಂದಲೋ ಪ್ರಯೋಗಾಲಯದ ಓಡಾಟದಿಂದಲೋ ಬರೆದವರಾರೆಂದು ಊಹಿಸುವುದು ಸಾಧ್ಯವಿದ್ದರೂ, ನಿಯಮದ ಉದ್ದೇಶ ಸ್ಪಷ್ಟವಾಗಿತ್ತು. ಯಾವ ಪ್ರಬಂಧವೂ ತಕ್ಕ ಮಟ್ಟ ಮುಟ್ಟದಿದ್ದರೆ ಬಹುಮಾನವನ್ನು ತಡೆಹಿಡಿಯುವ ಅಧಿಕಾರ ವಿಭಾಗಕ್ಕಿತ್ತು. ಒಬ್ಬರೂ ಉತ್ತರ ಬರೆಯದೆ ಪ್ರಶ್ನೆ ಹಾಗೆಯೇ ಉಳಿದ ವರ್ಷಗಳೂ ಇದ್ದವು.

ಜೀವಲೋಕದ ಅಧ್ಯಯನಕ್ಕೆ ಈ ಸ್ಪರ್ಧೆ ಹೇಳಿ ಮಾಡಿಸಿದಂತಿತ್ತು. ಒಂದು ಅಂಗ, ಒಂದು ಅಂಗಾಂಶ, ಗಿಡದ ಒಂದು ಭಾಗ ಎಂದು ಪ್ರಶ್ನೆಯನ್ನು ಚಿಕ್ಕದಾಗಿ ಕತ್ತರಿಸಿ ಕೊಡಬಹುದಿತ್ತು. ಅಂಥ ಪ್ರಶ್ನೆಗೆ ದೊಡ್ಡ ಸಿದ್ಧಾಂತದ ಅರಿವಿಗಿಂತ ಎಳೆಯ ಕಣ್ಣು, ನುರಿತ ಕೈ ಮತ್ತು ಪುರುಸೊತ್ತು ಹೆಚ್ಚು ಬೇಕು. ಇಪ್ಪತ್ತರ ಹರೆಯದಲ್ಲಿ ಈ ಮೂರೂ ಇರುತ್ತವೆ.

ಭ್ರೂಣದ ಉಸಿರು

ಬಾನ್ ವಿಶ್ವವಿದ್ಯಾಲಯ ಆರಂಭವಾದದ್ದು 1818ರಲ್ಲಿ. ಮರುವರ್ಷ ಅಲ್ಲಿಗೆ ವೈದ್ಯ ಕಲಿಯಲು ಬಂದವನು ಕೋಬ್ಲೆಂಟ್ಸ್ ಊರಿನ ಚಮ್ಮಾರನ ಮಗ ಯೋಹಾನೆಸ್ ಮ್ಯೂಲರ್. ಭ್ರೂಣ ಉಸಿರಾಡುತ್ತದೆಯೆ ಎಂಬ ಪ್ರಶ್ನೆಯನ್ನು ವೈದ್ಯ ವಿಭಾಗ ಬಹುಮಾನಕ್ಕೆ ಇಟ್ಟಾಗ ಅವನಿನ್ನೂ ವಿದ್ಯಾರ್ಥಿ. ಭ್ರೂಣದ ಶ್ವಾಸಕೋಶಕ್ಕೆ ಗಾಳಿ ತಾಗುವುದಿಲ್ಲ. ಹಾಗಿದ್ದರೆ ಅದರ ರಕ್ತಕ್ಕೆ ಪ್ರಾಣವಾಯು ಎಲ್ಲಿಂದ ಬರುತ್ತದೆ? ಮಾಸಿನ ಮೂಲಕ ತಾಯಿಯ ರಕ್ತದಿಂದಲೆ? ಹಾಗೆಂದಾದರೆ ಹೊಕ್ಕುಳಬಳ್ಳಿಯಲ್ಲಿ ಭ್ರೂಣದ ಕಡೆಗೆ ಹರಿಯುವ ರಕ್ತಕ್ಕೂ ಅಲ್ಲಿಂದ ಮರಳುವ ರಕ್ತಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣಬೇಕು. ಮ್ಯೂಲರ್ ಗಬ್ಬದ ಪ್ರಾಣಿಗಳನ್ನು ಕೊಯ್ದು ಈ ವ್ಯತ್ಯಾಸವನ್ನು ಹುಡುಕಿದ. ಅವನ ಲ್ಯಾಟಿನ್ ಪ್ರಬಂಧಕ್ಕೆ ಬಹುಮಾನ ಬಂತು; 1823ರಲ್ಲಿ ಅದು ಪುಸ್ತಕವಾಗಿ ಅಚ್ಚಾಯಿತು.

ಜೀವಂತ ಪ್ರಾಣಿಗಳನ್ನು ಕೊಯ್ಯುವ ಆ ವಿಧಾನದ ಬಗ್ಗೆ ಮ್ಯೂಲರನಿಗೆ ಮುಂದೆ ಜಿಗುಪ್ಸೆ ಹುಟ್ಟಿತು. ಅವನು ಪ್ರಾಣಿಗಳ ಶರೀರರಚನೆಯನ್ನು ಒಂದಕ್ಕೊಂದು ಹೋಲಿಸಿ ನೋಡುವ ಅಧ್ಯಯನದ ಕಡೆಗೆ, ಕಡಲಿನ ಸೂಕ್ಷ್ಮಜೀವಿಗಳ ಕಡೆಗೆ ತಿರುಗಿದ. ನವಿರು ಹೆಣಿಗೆಯ ಬಲೆಯಿಂದ ಸಮುದ್ರದ ಮೇಲ್ಪದರವನ್ನು ಸೋಸಿ, ತೇಲಾಡುವ ಮರಿಹುಳುಗಳನ್ನು ಹಿಡಿದು ಸೂಕ್ಷ್ಮದರ್ಶಕದಡಿ ನೋಡುವ ಕ್ರಮವನ್ನು ಅವನು ರೂಢಿಗೆ ತಂದ. ಬರ್ಲಿನ್ನಿಗೆ 1833ರಲ್ಲಿ ಪ್ರಾಧ್ಯಾಪಕನಾಗಿ ಹೋದ ಮೇಲೆ ಅವನ ಕೈಕೆಳಗೆ ಕಲಿತವರಲ್ಲಿ ಪ್ರಾಣಿಗಳಿಗೂ ಜೀವಕೋಶ ಸಿದ್ಧಾಂತವನ್ನು ವಿಸ್ತರಿಸಿದ ಥಿಯೊಡೋರ್ ಶ್ವಾನ್, ರೋಗಗಳ ಮೂಲವನ್ನು ಜೀವಕೋಶದಲ್ಲಿ ಹುಡುಕಿದ ರುಡಾಲ್ಫ್ ಫಿರ್ಶೋ, ಡಾರ್ವಿನ್ನನ ವಿಕಾಸವಾದವನ್ನು ಜರ್ಮನಿಯಲ್ಲಿ ಹಬ್ಬಿಸಿದ ಅರ್ನ್ಸ್ಟ್ ಹೆಕೆಲ್ ಇದ್ದರು. ಅಂಗರಚನಾ ವಿಜ್ಞಾನಿ ಯಾಕೋಬ್ ಹೆನ್ಲೆಯಂತೂ ಬಾನ್‌ನಿಂದಲೇ ಅವನ ಶಿಷ್ಯ.

ಗುರುವಿನ ಗುರು ನಡೆದ ದಾರಿ

ಹೆನ್ಲೆ 1852ರಲ್ಲಿ ಗಾಟಿಂಗೆನ್ನಿಗೆ ಬಂದು ನೆಲೆಸಿದ. ಸೋಂಕುರೋಗಗಳಿಗೆ ಜೀವಂತ ಸೂಕ್ಷ್ಮಜೀವಿಗಳೇ ಕಾರಣ ಎಂದು ಅವನು 1840ರಲ್ಲೇ ವಾದಿಸಿದ್ದ. ಆದರೆ ಅದನ್ನು ಕಣ್ಣಾರೆ ತೋರಿಸುವ ಸಾಧನಗಳು ಆಗ ಇರಲಿಲ್ಲ. ಅವನ ತರಗತಿಯಲ್ಲಿ 1860ರ ದಶಕದ ನಡುವೆ ಕೂತಿದ್ದ ವಿದ್ಯಾರ್ಥಿ ರಾಬರ್ಟ್ ಕಾಖ್. ಹಾರ್ಟ್ಸ್ ಬೆಟ್ಟದ ಗಣಿ ಊರಿನಿಂದ ಬಂದ ಕಾಖ್ ಮೊದಲು ನಿಸರ್ಗ ವಿಜ್ಞಾನಕ್ಕೆ ಸೇರಿ ಬಳಿಕ ವೈದ್ಯಕ್ಕೆ ಬದಲಾಯಿಸಿಕೊಂಡಿದ್ದ. ಗರ್ಭಕೋಶದ ನರಗಳಲ್ಲಿ ನರಕೋಶದ ಗಂಟುಗಳು ಇವೆಯೇ ಎಂಬ ಹೆನ್ಲೆಯ ಪ್ರಶ್ನೆಗೆ ಉತ್ತರ ಬರೆದು 1865ರಲ್ಲಿ ಅವನು ಬಹುಮಾನ ಪಡೆದ. ಪ್ರಬಂಧದ ಮೇಲೆ ಅವನು ಬರೆದ ಲ್ಯಾಟಿನ್ ಸೂಕ್ತಿಯ ಅರ್ಥ, ಎಂದೂ ಸುಮ್ಮನೆ ಕೂರದವನು ಎಂದು.

ಗರ್ಭಕೋಶದ ನರಗಳ ವಿಷಯದಲ್ಲಿ ಕಾಖನ ಹೆಸರನ್ನು ಇಂದು ಯಾರೂ ನೆನೆಯುವುದಿಲ್ಲ. ಆದರೆ ಆ ಕೆಲಸ ಅವನಿಗೆ ಕಲಿಸಿದ ಶಿಸ್ತು ಸಣ್ಣದಲ್ಲ: ಅಂಗಾಂಶವನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಡುವುದು, ಇದೆ ಅಥವಾ ಇಲ್ಲ ಎಂದು ಹೇಳುವ ಮುನ್ನ ಮತ್ತೆ ಮತ್ತೆ ನೋಡುವುದು, ಕಂಡದ್ದಷ್ಟನ್ನೇ ಬರೆಯುವುದು. ಮುಂದೆ ಪುಟ್ಟ ಊರೊಂದರಲ್ಲಿ ಜಿಲ್ಲಾ ವೈದ್ಯನಾಗಿದ್ದಾಗ, ಮನೆಯಲ್ಲೇ ಕಟ್ಟಿಕೊಂಡ ಪ್ರಯೋಗಾಲಯದಲ್ಲಿ ಇದೇ ಶಿಸ್ತಿನಿಂದ ಅವನು ದನಕುರಿಗಳ ನೆರಡಿ ರೋಗದ ಬ್ಯಾಕ್ಟೀರಿಯಾದ ಜೀವನಚಕ್ರವನ್ನು ಬಿಡಿಸಿ 1876ರಲ್ಲಿ ಪ್ರಕಟಿಸಿದ. ಕ್ಷಯರೋಗದ ಬ್ಯಾಕ್ಟೀರಿಯಾವನ್ನು 1882ರಲ್ಲಿ ತೋರಿಸಿದ. 1905ರಲ್ಲಿ ನೊಬೆಲ್ ಬಹುಮಾನ ಪಡೆದ. ಹೆನ್ಲೆ ವಾದದಲ್ಲಿ ಹೇಳಿದ್ದನ್ನು ಕಾಖ್ ಪ್ರಯೋಗದಲ್ಲಿ ತೋರಿಸಿದ. ಬಾನ್‌ನಲ್ಲಿ ಬಹುಮಾನ ಗೆದ್ದ ಮ್ಯೂಲರ್, ಅವನ ಶಿಷ್ಯ ಹೆನ್ಲೆ ಕೊಟ್ಟ ಬಹುಮಾನದ ಪ್ರಶ್ನೆ, ಅದನ್ನು ಗೆದ್ದ ಕಾಖ್: ಪ್ರಶ್ನೆ ಕೇಳುವ ರೂಢಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ ಬಗೆ ಇದು.

ಬೇರಿನಿಂದ ಜೀವಕೋಶಕ್ಕೆ

ಹಾಲೆಂಡಿನ ಹ್ಯೂಗೋ ಡಿ ವ್ರೀಸ್ 1866ರಲ್ಲಿ ಲೈಡನ್ ವಿಶ್ವವಿದ್ಯಾಲಯ ಸೇರಿದ. ಬಾಲ್ಯದಿಂದ ಗಿಡ ಕಲೆಹಾಕುತ್ತಿದ್ದ ಹುಡುಗನಿಗೆ ಲೈಡನ್ನಿನ ಸಸ್ಯಶಾಸ್ತ್ರ ಹೊಸದೇನನ್ನೂ ಕೊಡಲಿಲ್ಲ. ಅಲ್ಲಿ ಸಸ್ಯಶಾಸ್ತ್ರವೆಂದರೆ ಬಹುಮಟ್ಟಿಗೆ ಗಿಡಗಳನ್ನು ಗುರುತಿಸಿ ವರ್ಗೀಕರಿಸುವುದಾಗಿತ್ತು. ಗಿಡ ಹೇಗೆ ಬದುಕುತ್ತದೆ ಎಂಬುದನ್ನು ಪ್ರಯೋಗದಿಂದ ತಿಳಿಯುವ ಅನುಕೂಲ ಅಲ್ಲಿರಲಿಲ್ಲ. ಜರ್ಮನಿಯ ಜೂಲಿಯಸ್ ಸಾಕ್ಸ್ ಬರೆದ ಸಸ್ಯಶಾಸ್ತ್ರದ ಪಠ್ಯಪುಸ್ತಕ 1868ರಲ್ಲಿ ಹೊರಬಂದಾಗ, ಪ್ರಯೋಗಾತ್ಮಕ ಸಸ್ಯಶಾಸ್ತ್ರ ಎಂಬುದೊಂದಿದೆ ಎಂದು ಡಿ ವ್ರೀಸನಿಗೆ ಮನದಟ್ಟಾಯಿತು. ಅದೇ ಸುಮಾರಿಗೆ ಗ್ರೋನಿಂಗನ್ ವಿಶ್ವವಿದ್ಯಾಲಯ ಶಾಖಕ್ಕೂ ಬೇರಿಗೂ ಇರುವ ಸಂಬಂಧ ಕುರಿತು ಬಹುಮಾನದ ಪ್ರಶ್ನೆ ಇಟ್ಟಿತು. ತನ್ನ ವಿಶ್ವವಿದ್ಯಾಲಯ ಕೊಡದ ಅವಕಾಶವನ್ನು ಬೇರೊಂದು ವಿಶ್ವವಿದ್ಯಾಲಯದ ಪ್ರಶ್ನೆಯಲ್ಲಿ ಕಂಡ ವಿದ್ಯಾರ್ಥಿ ತಾನೇ ಪ್ರಯೋಗ ನಡೆಸಿ, ಬರೆದು, ಚಿನ್ನದ ಪದಕ ಪಡೆದ. ಸಸ್ಯಗಳ ಮೇಲೆ ಉಷ್ಣತೆಯ ಪ್ರಭಾವವೇ ಅವನ 1870ರ ಡಾಕ್ಟರೇಟ್ ಪ್ರಬಂಧದ ವಿಷಯವೂ ಆಯಿತು.

ಆ ಎಳೆ ಅಲ್ಲಿಗೆ ಮುಗಿಯಲಿಲ್ಲ. ಅತಿಯಾದ ಶಾಖದಿಂದ ಸಸ್ಯಕೋಶ ಸಾಯುವಾಗ ಏನಾಗುತ್ತದೆ ಎಂಬ ವಿಚಾರ ಅವನನ್ನು ಕೆಂಪು ಬೀಟ್‌ರೂಟಿನ ಕಡೆಗೆ ಒಯ್ದಿತು. ಬೀಟ್‌ರೂಟಿನ ತುಂಡನ್ನು ತಣ್ಣೀರಿನಲ್ಲಿಟ್ಟರೆ ಬಣ್ಣ ಒಳಗೇ ಉಳಿಯುತ್ತದೆ, ಬೇಯಿಸಿದರೆ ನೀರೆಲ್ಲ ಕೆಂಪಾಗುತ್ತದೆ. ಬದುಕಿರುವ ಜೀವದ್ರವ್ಯ ಬಣ್ಣವನ್ನು ತಡೆದು ಹಿಡಿದಿರುತ್ತದೆ, ಸತ್ತ ಮೇಲೆ ಬಿಟ್ಟುಕೊಡುತ್ತದೆ ಎಂದು ಅವನು 1871ರಲ್ಲಿ ಬರೆದ. ಗಾಢ ದ್ರಾವಣದಲ್ಲಿಟ್ಟ ಸಸ್ಯಕೋಶದ ಒಳಗಿನ ಜೀವದ್ರವ್ಯ ನೀರು ಕಳೆದುಕೊಂಡು ಕುಗ್ಗುವ ಪ್ಲಾಸ್ಮೊಲೈಸಿಸ್ ಎಂಬ ಕ್ರಿಯೆಯನ್ನು ಅವನು ಮುಂದೆ ವಿವರವಾಗಿ ಅಳೆದ. ಇಂದು ಪಿಯುಸಿ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಮಾಡಿ ನೋಡುವ ಪ್ರಯೋಗ ಅದೇ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅವನ ಸಹೋದ್ಯೋಗಿಯಾಗಿದ್ದ ರಸಾಯನ ವಿಜ್ಞಾನಿ ವಾಂಟ್ ಹಾಫ್ ದ್ರಾವಣಗಳ ಒತ್ತಡದ ಸಿದ್ಧಾಂತ ಕಟ್ಟುವಾಗ ಈ ಅಳತೆಗಳು ನೆರವಿಗೆ ಬಂದವು. ರಸಾಯನ ವಿಜ್ಞಾನದ ಮೊದಲ ನೊಬೆಲ್ 1901ರಲ್ಲಿ ವಾಂಟ್ ಹಾಫನಿಗೆ ಬಂತು. ಮೆಂಡೆಲನ ಆನುವಂಶೀಯತೆಯ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲೂ ಡಿ ವ್ರೀಸ್ ಒಬ್ಬ.

ತಪ್ಪು ಉತ್ತರ, ಸರಿಯಾದ ನೋಟ

ಬಹುಮಾನದ ಪ್ರಶ್ನೆಯಿಂದ ಹೊರಟ ಕೆಲಸಗಳಲ್ಲಿ ಬಹಳ ಕಾಲ ಬಾಳಿದ್ದು ಬರ್ಲಿನ್ನಿನ ಪೌಲ್ ಲ್ಯಾಂಗರ್‌ಹ್ಯಾನ್ಸನದು. ಅವನು ಯೇನಾದಲ್ಲಿ ಹೆಕೆಲ್‌ನ ಬಳಿ, ಬರ್ಲಿನ್ನಿನಲ್ಲಿ ಫಿರ್ಶೋನ ಬಳಿ ಕಲಿತವನು. ಅಂದರೆ ಅವನೂ ಮ್ಯೂಲರನ ಶಿಷ್ಯಪರಂಪರೆಯವನೇ. ಬರ್ಲಿನ್ ವಿಶ್ವವಿದ್ಯಾಲಯದ ಸ್ಪರ್ಧೆಗಾಗಿ ಅವನು ಮನುಷ್ಯರ ಚರ್ಮದ ನರಗಳನ್ನು ಅಧ್ಯಯನ ಮಾಡಿದ. ನರಗಳಿಗೆ ಗೋಲ್ಡ್ ಕ್ಲೋರೈಡಿನಿಂದ ಬಣ್ಣ ಹಿಡಿಸುವ ವಿಧಾನವನ್ನು ಯೂಲಿಯಸ್ ಕೋನ್‌ಹೈಮ್ ಎಂಬ ವಿಜ್ಞಾನಿ ಆಗಷ್ಟೇ ರೂಪಿಸಿದ್ದ. ಲ್ಯಾಂಗರ್‌ಹ್ಯಾನ್ಸ್ ಅದನ್ನೇ ಚರ್ಮದ ತುಣುಕುಗಳಿಗೆ ಬಳಸಿದಾಗ, ಚರ್ಮದ ಮೇಲ್ಪದರದ ಕೋಶಗಳ ನಡುವೆ ಕವಲುಕವಲಾಗಿ ಚಾಚಿಕೊಂಡ, ಕಪ್ಪಗೆ ಬಣ್ಣ ಹಿಡಿದ ಬೇರೆಯೇ ಕೋಶಗಳು ಕಂಡವು. ಆ ಲೇಖನ 1868ರಲ್ಲಿ ಫಿರ್ಶೋನ ಪತ್ರಿಕೆಯಲ್ಲಿ ಅಚ್ಚಾದಾಗ ಅವನಿಗೆ ಇಪ್ಪತ್ತೊಂದರ ಆಸುಪಾಸು.

ಕವಲುಗಳನ್ನು ನೋಡಿ ಅವನು ಅವು ನರಕೋಶಗಳು ಎಂದು ತಿಳಿದ. ಆ ತೀರ್ಮಾನ ತಪ್ಪಾಗಿತ್ತು. ಆದರೆ ಚರ್ಮದ ಯಾವ ಪದರದಲ್ಲಿ ಅವು ಇವೆ, ಅವುಗಳ ಆಕಾರ ಹೇಗಿದೆ, ಕವಲುಗಳು ಎತ್ತ ಚಾಚುತ್ತವೆ ಎಂದು ಅವನು ಬರೆದಿಟ್ಟ ವಿವರ ಸರಿಯಾಗಿತ್ತು. ನೂರಕ್ಕೂ ಹೆಚ್ಚು ವರ್ಷ ಆ ಕೋಶಗಳ ಕೆಲಸವೇನೆಂದು ಗೊತ್ತಾಗಲಿಲ್ಲ. ಅವು ರೋಗನಿರೋಧಕ ವ್ಯವಸ್ಥೆಗೆ ಸೇರಿದವು ಎಂಬ ಸುಳಿವು 1970ರ ದಶಕದಲ್ಲಿ ಸಿಕ್ಕಿತು. ದೇಹಕ್ಕೆ ಹೊರಗಿನಿಂದ ನುಗ್ಗುವ ವಸ್ತುವಿನ ಗುರುತನ್ನು ಹಿಡಿದು ರಕ್ಷಣಾ ಕೋಶಗಳಿಗೆ ತೋರಿಸುವ ಡೆಂಡ್ರಿಟಿಕ್ ಕೋಶಗಳನ್ನು ರಾಲ್ಫ್ ಸ್ಟೈನ್‌ಮನ್ 1973ರಲ್ಲಿ ಇಲಿಯ ಗುಲ್ಮದಲ್ಲಿ ಕಂಡುಹಿಡಿದ. ಲ್ಯಾಂಗರ್‌ಹ್ಯಾನ್ಸ್ ಕಂಡಿದ್ದ ಚರ್ಮದ ಕೋಶಗಳೂ ಅದೇ ಬಗೆಯ ಕೆಲಸ ಮಾಡುತ್ತವೆ ಎಂಬುದು ಆಮೇಲೆ ತಿಳಿಯಿತು. ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು. ವಿದ್ಯಾರ್ಥಿಯೊಬ್ಬ ಸ್ಪರ್ಧೆಗೆಂದು ಬರೆದ ವಿವರದಿಂದ ಆ ಕೋಶಗಳು ಇಂದಿಗೂ ಲ್ಯಾಂಗರ್‌ಹ್ಯಾನ್ಸ್ ಕೋಶಗಳೆಂದೇ ಹೆಸರಾಗಿವೆ.

ಮರುವರ್ಷ, 1869ರ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಅವನು ಮೇದೋಜೀರಕ ಗ್ರಂಥಿಯೊಳಗಿನ ಚಿಕ್ಕ ಚಿಕ್ಕ ಕೋಶಗುಂಪುಗಳನ್ನು ವಿವರಿಸಿದ. ಇನ್ಸುಲಿನ್ ಹುಟ್ಟುವ ಜಾಗವೆಂದು ಮಧುಮೇಹದ ಪಾಠದಲ್ಲಿ ಬರುವ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು ಇವೇ. ಅವುಗಳ ಕೆಲಸ ಏನೆಂದು ತನಗೆ ತಿಳಿಯದೆಂದು ಅವನು ಹೇಳಿದ್ದ. ಬಳಿಕ ಕ್ಷಯ ತಗುಲಿ, ಆರೋಗ್ಯಕ್ಕಾಗಿ ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪಕ್ಕೆ ಹೋದವನು ಅಲ್ಲಿನ ಕಡಲ ಹುಳುಗಳನ್ನು ಅಧ್ಯಯನ ಮಾಡುತ್ತ ಉಳಿದು, 1888ರಲ್ಲಿ ನಲವತ್ತರ ಹರೆಯದಲ್ಲಿ ತೀರಿಕೊಂಡ.

ಬಹುಮಾನವಿಲ್ಲದ ಕಡೆ

ಇಂಥ ಸ್ಪರ್ಧೆ ಇಲ್ಲದ ಕಡೆಯೂ ವಿದ್ಯಾರ್ಥಿಗಳು ಸಂಶೋಧನೆ ಮಾಡಿದ್ದುಂಟು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವೈದ್ಯ ಕಲಿಯುತ್ತಿದ್ದ ಚಾರ್ಲ್ಸ್ ಡಾರ್ವಿನ್ ಕಡಲ ದಂಡೆಯಲ್ಲಿ ಫ್ಲಸ್ಟ್ರಾ ಎಂಬ ಸಮೂಹಜೀವಿಯನ್ನು ನೋಡಿ, ಅದರ ಮೊಟ್ಟೆ ಎಂದು ಕರೆಯುತ್ತಿದ್ದವು ತಾವಾಗಿ ಈಜಬಲ್ಲ ಮರಿಗಳೆಂದು ಗುರುತಿಸಿದ. ಇದನ್ನು ಅವನು 1827ರ ಮಾರ್ಚ್ 27ರಂದು ವಿದ್ಯಾರ್ಥಿಗಳ ಪ್ಲಿನಿಯನ್ ಸೊಸೈಟಿಯಲ್ಲಿ ಹೇಳಿದ. ಆಗ ಅವನಿಗೆ ಹದಿನೆಂಟು. ಆದರೆ ಮೂರು ದಿನ ಮೊದಲೇ ಅವನ ಮಾರ್ಗದರ್ಶಕ ರಾಬರ್ಟ್ ಗ್ರಾಂಟ್ ಇನ್ನೊಂದು ವಿದ್ವತ್ ಸಭೆಯಲ್ಲಿ ಆ ಸಂಗತಿಯನ್ನು ಡಾರ್ವಿನ್ನನ ಹೆಸರು ಹೇಳದೆ ಮಂಡಿಸಿದ್ದ. ಬಹುಮಾನದ ಪ್ರಬಂಧದ ಬೆಲೆ ಇಲ್ಲಿ ತಿಳಿಯುತ್ತದೆ. ಲಕೋಟೆ ಒಡೆದ ಮೇಲೆ ಕೆಲಸ ಯಾರದೆಂಬುದರಲ್ಲಿ ಸಂಶಯವಿರುತ್ತಿರಲಿಲ್ಲ. ವಿದ್ಯಾರ್ಥಿಯ ಕಾಣ್ಕೆ ವಿದ್ಯಾರ್ಥಿಯ ಹೆಸರಿನಲ್ಲೇ ಉಳಿಯುತ್ತಿತ್ತು.

ಮಿತಿಗಳು ಮತ್ತು ಮುಂದಿನ ರೂಪ

ಈ ಪದ್ಧತಿಗೆ ಕೊರತೆಗಳೂ ಇದ್ದವು. ಪ್ರಶ್ನೆಯನ್ನು ಆರಿಸುವವರು ಪ್ರಾಧ್ಯಾಪಕರು. ವಿದ್ಯಾರ್ಥಿಗೆ ತಾನಾಗಿ ಹೊಳೆದ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಪ್ರಶ್ನೆಯ ಸುತ್ತಲೇ ಗಮನ ನಿಂತು, ಪಕ್ಕದಲ್ಲಿ ಕಂಡದ್ದು ಬಿಟ್ಟುಹೋಗುವ ಅಪಾಯವಿತ್ತು. ಸೋತ ಪ್ರಬಂಧಗಳಲ್ಲಿದ್ದ ಒಳ್ಳೆಯ ಅಂಶಗಳು ಮುಚ್ಚಿದ ಲಕೋಟೆಯ ಜೊತೆಗೇ ಮರೆಯಾದವು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಹೆಣ್ಣುಮಕ್ಕಳಿಗೆ ಆ ಬಾಗಿಲು ಬಹುಕಾಲ ಮುಚ್ಚಿತ್ತು. ಜರ್ಮನಿಯ ಬಾಡೆನ್ ಪ್ರಾಂತ್ಯ 1900ರಲ್ಲಿ, ಪ್ರಷ್ಯ 1908ರಲ್ಲಿ ಮಾತ್ರ ಅವರನ್ನು ಪೂರ್ಣ ವಿದ್ಯಾರ್ಥಿಗಳಾಗಿ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಂಡವು. ಹೆಸರು ನೋಡದೆ ತೀರ್ಪು ಕೊಡುವ ಸ್ಪರ್ಧೆಗೆ ಅರ್ಧ ಸಮಾಜ ಕಾಲಿಡುವಂತೆಯೇ ಇರಲಿಲ್ಲ.

ಪ್ರಯೋಗಾಲಯಗಳು ಬೆಳೆದು, ಪ್ರಯೋಗ ಮಾಡುವುದೇ ಪಾಠದ ಭಾಗವಾದಂತೆ ಬಹುಮಾನದ ಪ್ರಶ್ನೆಯ ಮಹತ್ವ ಇಳಿಯಿತು. ಹೊಸ ಸಂಗತಿ ಕಂಡುಹಿಡಿಯುವ ಹೊಣೆ ಡಾಕ್ಟರೇಟ್ ವಿದ್ಯಾರ್ಥಿಗಳದಾಯಿತು. ಪದವಿ ವಿದ್ಯಾರ್ಥಿಗೆ ಉಳಿದದ್ದು ಕಲಿಕೆ ಮತ್ತು ಪರೀಕ್ಷೆ. ಆದರೂ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಬಹುಮಾನದ ಪ್ರಬಂಧಕ್ಕೆ ಚಿನ್ನದ ಪದಕ ಕೊಡುವ ಕ್ರಮ ನಮ್ಮ ಕಾಲದವರೆಗೂ ನಡೆದುಬಂದಿದೆ. ಬೇರೆ ಹಲವು ಕಡೆ ಕೊನೆಯ ವರ್ಷದ ಸಂಶೋಧನಾ ಪ್ರಬಂಧಕ್ಕೆ ಬಹುಮಾನ ಕೊಡುತ್ತಾರೆ. ಅಲ್ಲಿ ಪ್ರಶ್ನೆಯನ್ನು ಆರಿಸುವ ಸ್ವಾತಂತ್ರ್ಯ ವಿದ್ಯಾರ್ಥಿಗೇ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿಯಲ್ಲೂ ಕೊನೆಯ ವರ್ಷ ಸಂಶೋಧನೆಗೆ ಮೀಸಲಾದ ಭಾಗವಿದೆ.

ಈ ಬಗೆಯ ಬಹುಮಾನ ಫಲ ಕೊಡಲು ಬೇಕಾದದ್ದು ಹೆಚ್ಚೇನಿಲ್ಲ ಎಂಬುದನ್ನು ಮ್ಯೂಲರನಿಂದ ಲ್ಯಾಂಗರ್‌ಹ್ಯಾನ್ಸನವರೆಗಿನ ಇತಿಹಾಸ ಹೇಳುತ್ತದೆ. ಒಬ್ಬ ವಿದ್ಯಾರ್ಥಿ ಕೆಲವು ತಿಂಗಳಲ್ಲಿ ಮುಗಿಸಬಹುದಾದ ಚಿಕ್ಕ ಪ್ರಶ್ನೆ ಬೇಕು. ಅದಕ್ಕೆ ಉತ್ತರ ಇನ್ನೂ ಸಿಕ್ಕಿರಬಾರದು. ನೋಡಲು ಗಿಡವೋ ಪ್ರಾಣಿಯೋ ಅಂಗಾಂಶವೋ ಕೈಗೆಟುಕುವಂತಿರಬೇಕು. ಬರೆದದ್ದನ್ನು ಕೂತು ಓದಿ, ಸರಿ ತಪ್ಪು ಹೇಳುವ ಬಲ್ಲವರಿರಬೇಕು. ಒಳ್ಳೆಯ ಕೆಲಸ ಅಚ್ಚಾಗಿ ಎಲ್ಲರಿಗೂ ಸಿಗಬೇಕು. ಕರ್ನಾಟಕದ ಒಂದೊಂದು ಕಾಲೇಜಿನ ಸುತ್ತಲೂ ಕೆರೆ, ಗೋಮಾಳ, ಗುಡ್ಡ, ಹೊ­ಲದ ಬದುಗಳಿವೆ. ಅಲ್ಲಿನ ಹುಲ್ಲು, ಕೀಟ, ಹಕ್ಕಿ, ಮಣ್ಣಹುಳುಗಳ ಬಗ್ಗೆ ಉತ್ತರವಿಲ್ಲದ ಪ್ರಶ್ನೆಗಳು ಬೇಕಾದಷ್ಟಿವೆ. ದತ್ತಿ ಪದಕಗಳಲ್ಲಿ ಕೆಲವನ್ನಾದರೂ ಅಂಕಪಟ್ಟಿಯಿಂದ ಬಿಡಿಸಿ ಇಂಥ ಒಂದೊಂದು ಪ್ರಶ್ನೆಗೆ ಮೀಸಲಿಟ್ಟರೆ, ಅದನ್ನು ಗೆಲ್ಲುವ ಶಕ್ತಿಯುಳ್ಳ ವಿದ್ಯಾರ್ಥಿಗಳು ಆ ಕಾಲೇಜುಗಳಲ್ಲೇ ಇದ್ದಾರೆ.